ಮಾಳಿಗೆಯ ಮೇಲಿನ ಬಿದಿಗೆ ಚಂದ್ರ

ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದಾವಣಗೆರೆಗೆ ಬಂದ ಮೊದಲ ವರ್ಷ, ಹತ್ತಿರ ಹತ್ತಿರ ಮೂರು ತಿಂಗಳು, ನಾನು ಬೇರೊಬ್ಬರ ತಾಯಿಯ ಹತ್ತಿರ ಆ ಬೇರೊಬ್ಬರ ದನಿಯಲ್ಲೇ ಮಜ್ಜಿಗೆ ಕೇಳಿ ಇಸಿದುಕೊಂಡು ಕುಡಿದಿದ್ದೇನೆ. ಅಷ್ಟು ಸಾಲದೆಂಬಂತೆ, ಯುಗಾದಿಯ ಮರುದಿನ ಸಂಜೆ ಒಂದು ಇಡೀ ಓಣಿಯ ಜನ ಚಂದ್ರನಲ್ಲದ ವಸ್ತುವೊಂದಕ್ಕೆ ಕೈ ಮುಗಿಯುವಂತೆ ಮಾಡಿದ್ದೇನೆ. ಈ ಎರಡೂ ಸುದ್ದಿಗಳು ಬಸ್ಸಿನ ಕಂಡಕ್ಟರರ ಬಾಯಿಂದ ಘಟ್ಟ ಇಳಿದು, ದಾರಿಯಲ್ಲಿ ಬೇರೆ ಬೇರೆ ವೇಷ ಹಾಕಿಕೊಂಡು ಕುಂದಾಪುರ ಮುಟ್ಟಿವೆ ಎಂದು ಕೇಳಿದೆ. ನಮ್ಮೂರ ಹೋಟೆಲಿನ ಬೆಂಚಿನ ಮೇಲೆ ಕಥೆ ಬೆಳೆದು, ನಾನು ಚಂದ್ರನನ್ನೇ ಕದ್ದು ಸಿಕ್ಕಿಬಿದ್ದೆ ಎನ್ನುವವರೆಗೆ ಹೋಗಿದೆಯಂತೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಊರಿನವರಾದ ನಿಮಗೆ ಬರೆಯುತ್ತಿದ್ದೇನೆ. ಚಂದ್ರ ಅಲ್ಲೇ ಇದ್ದಾನೆ, ಗಾಬರಿ ಬೇಡ.

ನಾನು ಇಲ್ಲಿಗೆ ಬಂದದ್ದು ದೀಪಾವಳಿ ಕಳೆದ ಮೇಲೆ, ಹತ್ತಿಯ ಗಿರಣಿಯೊಂದರ ಆಫೀಸಿಗೆ ಟೈಪಿಸ್ಟ್ ಆಗಿ. ರಾಜ್ಯ ಒಂದಾಗಿ ಎರಡೋ ಮೂರೋ ವರ್ಷವಾಗಿತ್ತು. ನಕಾಶೆಯಲ್ಲಿ ಒಂದಾದರೂ ಬಸ್ಸಿನಲ್ಲಿ ಇನ್ನೂ ದೂರವೇ. ಆಗುಂಬೆ ಹತ್ತಿ, ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ, ಹರಿಹರದಲ್ಲಿ ಹೊಳೆಯ ಮುಖ ನೋಡಿ, ಕೊನೆಗೆ ದಾವಣಗೆರೆಯಲ್ಲಿ ಇಳಿದು ಹಳೇಪೇಟೆಯ ಓಣಿಗಳಲ್ಲಿ ಟ್ರಂಕು ಹೊತ್ತು ನಡೆದಾಗ ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಇಲ್ಲಿಯ ಮನೆಗಳಿಗೆ ತಲೆಯೇ ಇಲ್ಲ! ಗೋಡೆ ಇದೆ, ಬಾಗಿಲಿದೆ, ಮೇಲೆ ಮಾಡು ಇರಬೇಕಾದ ಕಡೆ ಚಪ್ಪಟೆ. ಯಾರೋ ಊರಿಗೆ ಊರನ್ನೇ ಅಂಗೈಯಿಂದ ಒತ್ತಿ ಕೂರಿಸಿದ ಹಾಗೆ. ಅದಕ್ಕೆ ಮಾಳಿಗೆ ಎನ್ನುತ್ತಾರೆ. ತೊಲೆಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ಮಣ್ಣು ಬಡಿದು ಗಟ್ಟಿ ಮಾಡಿದ ನೆಲ. ಒಂದು ಮನೆಯ ಮಾಳಿಗೆ ಇನ್ನೊಂದಕ್ಕೆ ತಾಗಿಕೊಂಡೇ ಇರುವುದರಿಂದ ಓಣಿಯ ಈ ತುದಿಯಿಂದ ಆ ತುದಿಗೆ ಮೇಲಿಂದ ಮೇಲೆಯೇ ಹೋಗಬಹುದು. ಅಲ್ಲಿ ಮೆಣಸಿನಕಾಯಿ ಒಣಗುತ್ತದೆ, ಹಪ್ಪಳ ಒಣಗುತ್ತದೆ, ಜಗಳವೂ ಒಣಗುತ್ತದೆ. ನಮ್ಮಲ್ಲಿ ಮಾಡಿನ ಮೇಲೆ ಹತ್ತುವವರು ಇಬ್ಬರೇ: ಹಂಚು ಸರಿಮಾಡುವವನು ಮತ್ತು ಬೆಕ್ಕು. ಇಲ್ಲಿ ಅತ್ತೆ ಸೊಸೆ ಮೊಮ್ಮಕ್ಕಳೆಲ್ಲ ಹತ್ತುತ್ತಾರೆ.

ಖೋಲಿ ಸಿಕ್ಕಿದ್ದು ಗುರುಸಿದ್ದಪ್ಪನವರ ಮನೆಯಲ್ಲಿ. ಖೋಲಿ ಎಂದರೆ ಕೋಣೆ. ನಾನು ಮೊದಲು ಕೇಳಿದಾಗ ಗೋಣಿಯ ತಮ್ಮನೇನೋ ಅಂದುಕೊಂಡಿದ್ದೆ. ಗುರುಸಿದ್ದಪ್ಪನವರು ಹತ್ತಿಯ ವ್ಯಾಪಾರಿ. ಅರಳೆಯ ದೂಳು ಕುಡಿದು ಕುಡಿದು ಗಂಟಲು ಕರಕಲಾಗಿದ್ದರೂ ಮಾತು ಮಾತ್ರ ಓಣಿಯ ತುದಿಗೆ ಕೇಳುತ್ತಿತ್ತು. ಬೀಜ ತೆಗೆದು ಬಿಡಿಸಿದ ಹತ್ತಿಗೆ ಇಲ್ಲಿ ಅರಳೆ ಎನ್ನುತ್ತಾರೆ. ಬೇಸಿಗೆಯಲ್ಲಿ ಅದರ ಎಳೆಗಳು ಊರಿನ ಮೇಲೆಲ್ಲ ತೇಲಾಡುತ್ತಿರುತ್ತವೆ. ಖೋಲಿ ಕೊಡುವ ಮೊದಲು ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕ್ಹೂಂ! ನಿಮ್ಮ ಕಡೆ ಎಲ್ಲಾರೂ ಮೀನು ತಿಂತಾರಂತೆ, ಹೌದೇನು?"

"ನಾನು ಸಮುದ್ರ ನೋಡ್ತೇನೆ, ಅಷ್ಟೇ. ಒಳಗೆ ಇದ್ದದ್ದನ್ನು ತೆಗೆಯುವುದಿಲ್ಲ" ಅಂದೆ.

"ಹೆಸರೇನು?"

"ವಾಸುದೇವ. ಮನೆಯಲ್ಲಿ ವಾಸು ಅಂತಾರೆ."

"ಆತು ಬಿಡು ವಾಸಪ್ಪ, ಹಿತ್ತಲ ಕಡೆ ಖೋಲಿ ಐತೆ. ಗಲಾಟಿ ಮಾಡಬ್ಯಾಡ."

ಹೀಗೆ ಐದು ನಿಮಿಷದಲ್ಲಿ ನನ್ನ ಹೆಸರಿಗೊಬ್ಬ ಅಪ್ಪ ಅಂಟಿಕೊಂಡ. ಇಲ್ಲಿ ಯಾರ ಹೆಸರನ್ನೂ ಅಪ್ಪನಿಲ್ಲದೆ ಬೀದಿಗೆ ಬಿಡುವುದಿಲ್ಲ.

ಗಲಾಟೆ ಮಾಡಬೇಡ ಎಂದು ಅವರು ಹೇಳಿದ್ದು ಸರಿಯಾದ ಮನುಷ್ಯನಿಗೇ. ನನ್ನ ರೋಗ ನಿಮಗೆ ಗೊತ್ತು. ಯಾರ ದನಿ ಕಿವಿಗೆ ಬಿದ್ದರೂ ಮೂರು ದಿನದಲ್ಲಿ ಅದು ನನ್ನ ಗಂಟಲಿಗೆ ಇಳಿಯುತ್ತದೆ. ಶಾಲೆಯಲ್ಲಿ ಹೆಡ್‌ಮಾಸ್ಟರರ ದನಿಯಲ್ಲಿ ರಜೆ ಸಾರಿ ಪೆಟ್ಟು ತಿಂದವನು ನಾನು. ಹೊಸ ಊರಿನ ಭಾಷೆಯನ್ನೂ ನಾನು ಕಲಿತದ್ದು ಹಾಗೆಯೇ, ಅರ್ಥಕ್ಕಿಂತ ಮೊದಲು ದನಿ. 'ಕೂಡ್ರಿ' ಎಂದರೆ ಕುಳಿತುಕೊಳ್ಳಿ ಎಂದು ತಿಳಿಯುವ ಮೊದಲೇ ಅದನ್ನು ನಾಲ್ಕು ಜನರ ದನಿಯಲ್ಲಿ ಹೇಳಬಲ್ಲವನಾಗಿದ್ದೆ. ಗುರುಸಿದ್ದಪ್ಪನವರದು ಸುಲಭ: ಮೊದಲೊಂದು 'ಕ್ಹೂಂ' ಎಂಬ ಕೆಮ್ಮು, ಆಮೇಲೆ ಜಲ್ಲಿ ಸುರಿದ ಹಾಗೆ ಮಾತು. ಪಕ್ಕದ ಮನೆಯ ಹಾಲಪ್ಪಜ್ಜ ಧಾನ್ಯದ ವ್ಯಾಪಾರ ಮಾಡಿ ಸಾಕಾಗಿ ಮನೆಯಲ್ಲಿ ಕುಳಿತವರು. ಅವರು ಪ್ರತಿ ಮಾತಿಗೂ ಮೂಗಿನಿಂದ 'ಅಂದ್ರೆ, ಏನಪಾ ಅಂದ್ರೆ' ಎಂದು ಪೀಠಿಕೆ ಹಾಕುತ್ತಿದ್ದರು. ಗಿರಣಿಯಲ್ಲಿ ನಾನು ಇವರಿಬ್ಬರನ್ನೂ ನನ್ನ ಗಂಟಲಲ್ಲೇ ಜಗಳವಾಡಿಸಿ ಚಹಾ ಸಂಪಾದಿಸುತ್ತಿದ್ದೆ.

ಆದರೆ ನಕಲು ಮಾಡುವವನಿಗೆ ಒಂದು ಕಷ್ಟ. ಎಲ್ಲರ ದನಿಯೂ ಬಾಯಲ್ಲಿರುತ್ತದೆ, ಮಾತಾಡಲು ಮಾತ್ರ ಯಾರೂ ಇರುವುದಿಲ್ಲ. ಊಟ ಖಾನಾವಳಿಯಲ್ಲಿ. ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಹಸಿವಾಗುತ್ತದೆ ನಿಜ, ಆದರೆ ಕುಚ್ಚಲಕ್ಕಿ ಗಂಜಿಯ ಹೊಟ್ಟೆ ಅದನ್ನು ಒಳಗೆ ಬಿಟ್ಟುಕೊಳ್ಳಲು ಒಂದು ತಿಂಗಳು ತಕರಾರು ಮಾಡಿತು. ಸಂಜೆ ಖಾರ ಮಂಡಕ್ಕಿ, ಅಂದರೆ ನಮ್ಮ ಚುರುಮುರಿಯೇ, ಜೊತೆಗೆ ಬೋಂಡದಂತೆ ಕರಿದ ಮೆಣಸಿನಕಾಯಿ. ತಿಂದರೆ ಕಣ್ಣಲ್ಲಿ ನೀರು, ತಿನ್ನದಿದ್ದರೂ ಊರು ನೆನಪಾಗಿ ಕಣ್ಣಲ್ಲಿ ನೀರು. ಎಲ್ಲಕ್ಕಿಂತ ಹೆಚ್ಚಾಗಿ ನೀರನ್ನೇ ನೋಡಬೇಕೆನಿಸುತ್ತಿತ್ತು. ಭಾನುವಾರ ಹರಿಹರದ ಬಸ್ಸು ಹತ್ತಿ ಹೋಗಿ, ತುಂಗಭದ್ರೆಯ ದಂಡೆಯಲ್ಲಿ ಕುಳಿತು ಬರುತ್ತಿದ್ದೆ. ಹೊಳೆ ಒಳ್ಳೆಯದೇ. ಆದರೆ ಆಚೆ ದಡ ಕಾಣಿಸುವ ನೀರು ನನ್ನ ಮಟ್ಟಿಗೆ ಅರ್ಧ ಹೇಳಿ ನಿಲ್ಲಿಸಿದ ಮಾತಿನ ಹಾಗೆ.

ಸಂಕ್ರಾಂತಿ ಕಳೆದು ಬಿಸಿಲು ಏರಿತು. ಒಂದು ಮಧ್ಯಾಹ್ನ ಖಾನಾವಳಿಯಿಂದ ಬಂದೆ. ಹಿತ್ತಲ ಪಡಸಾಲೆಯಲ್ಲಿ ಗುರುಸಿದ್ದಪ್ಪನವರ ತಾಯಿ ಗೌರಮ್ಮಜ್ಜಿ ಮಜ್ಜಿಗೆಯ ಗಡಿಗೆ ಪಕ್ಕಕ್ಕಿಟ್ಟುಕೊಂಡು ಹುಣಸೆಬೀಜ ಬಿಡಿಸುತ್ತಿದ್ದರು. ಸೊಸೆ ನೀಲಮ್ಮ ಒಳಗೆ ಅಡ್ಡಾಗಿದ್ದರು. ಗುರುಸಿದ್ದಪ್ಪನವರು ಅಂಗಡಿಯಲ್ಲಿ. ನನಗೆ ಏನು ಬಡಿದಿತ್ತೋ, ಬಾಗಿಲ ಮರೆಯಿಂದ ಕೆಮ್ಮಿದೆ.

"ಕ್ಹೂಂ! ಅವ್ವಾ, ಮಜ್ಜಿಗಿ ಕೊಡು."

ಅಜ್ಜಿ ತಲೆ ಎತ್ತಲಿಲ್ಲ. "ಬಾರಪ್ಪ ಗುರುಸಿದ್ದ" ಎಂದು ಲೋಟ ತುಂಬಿ ಚಾಚಿದರು. ನಾನು ನಗುತ್ತ ಎದುರಿಗೇ ಹೋಗಿ ನಿಂತೆ. ಅಯ್ಯೋ ಕಳ್ಳ ಎಂದು ಬಯ್ಯಲಿ, ಇಬ್ಬರೂ ನಗೋಣ ಎಂಬ ಲೆಕ್ಕ. ಅಜ್ಜಿ ನನ್ನ ಮುಖವನ್ನೇ ನೋಡಿ, "ತಗಳಪ್ಪ, ಇಂಗು ಹಾಕೀನಿ" ಅಂದರು. ಕುಡಿದೆ. ಕುಡಿದ ಮೇಲಾದರೂ ಬಾಯಿ ಸುಮ್ಮನಿರಬೇಕಲ್ಲ. ನಮ್ಮ ಕಡೆ ಯಾರ ಕೈಯಿಂದ ಏನು ತೆಗೆದುಕೊಂಡರೂ, ಮೀನು ಮಾರಲು ಬಂದವಳ ಹತ್ತಿರವೂ, 'ಉಂಡ್ಯಾ' ಎಂದು ಕೇಳುವ ಚಾಳಿ. ಅದನ್ನೂ ಗುರುಸಿದ್ದಪ್ಪನವರ ಜಲ್ಲಿಯಲ್ಲೇ ಸುರಿದೆ: "ನಿಂದು ಉಂಡಿದ್ದಾತೇನವ್ವ?"

ಬೀಜ ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು. "ಆತಪ್ಪ" ಅಂದರು.

ಆ ದಿನ ನಾನು ಗಿರಣಿಗೆ ನಡೆದು ಹೋಗಲಿಲ್ಲ, ತೇಲಿ ಹೋದೆ. ಹೆತ್ತ ತಾಯಿ! ಮುಖ ನೋಡಿಕೊಂಡೇ ಮೋಸ ಹೋದಳು! ಇಂಥ ನಕಲು ಘಟ್ಟದ ಮೇಲೆ ಕೆಳಗೆ ಯಾರು ಮಾಡಿದ್ದಾರೆ? ಕಲೆ ಒಂದು ಹಂತ ದಾಟಿದರೆ ಮುಖವೂ ದನಿಯ ಹಿಂದೆ ಬರುತ್ತದೆ ಎಂದು ನಮ್ಮ ಗಿರಣಿಯ ಫಿಟ್ಟರ್ ಖಾಸಿಂ ಸಾಹೇಬರಿಗೆ ಉಪನ್ಯಾಸ ಕೊಟ್ಟೆ. ಅವರು ಎಣ್ಣೆ ಕೈ ಒರೆಸಿಕೊಳ್ಳುತ್ತ, "ಮಜ್ಜಿಗಿ ತಲಿಗೇರೈತೆ" ಅಂದರು.

ದಿನವೂ ಕುಡಿದೆ. ದಿನವೂ ಅದೇ ಕೆಮ್ಮು, ಅದೇ ಉಂಡಿದ್ದಾತೇನವ್ವ. ಕೆಲವು ದಿನ ಅಜ್ಜಿ ಮಾತಿಗೂ ಎಳೆಯುತ್ತಿದ್ದರು. ತವರು ಹರಿಹರ, ಹೊಳೆ ದಂಡೆಯ ಮನೆ; ಅಲ್ಲಿ ಯುಗಾದಿ ಚಂದ್ರನನ್ನು ಎರಡು ಸಲ ನೋಡುತ್ತಿದ್ದರಂತೆ, ಮೇಲೊಮ್ಮೆ, ನೀರಿನಲ್ಲೊಮ್ಮೆ. ಮಗನಿಗೆ ಗೊತ್ತಿರಬೇಕಾದ ಸಂಗತಿಯನ್ನು ಮಗನಿಗೇ ಯಾಕೆ ಹೇಳುತ್ತಾರೆ ಎಂದು ನನಗೆ ಹೊಳೆಯಲಿಲ್ಲ. ಹೊಗಳಿಕೆ ಕೇಳುವ ಕಿವಿಗೆ ಬೇರೇನೂ ಕೇಳುವುದಿಲ್ಲ. ಅತ್ತ ನೀಲಮ್ಮ ಮಾತ್ರ ಗಂಡನನ್ನು ತರಾಟೆಗೆ ತೆಗೆದುಕೊಳ್ಳುವುದು ಗೋಡೆಯಾಚೆಯಿಂದ ಕೇಳುತ್ತಿತ್ತು.

"ಮಧ್ಯಾಹ್ನ ಬಂದು ಮಜ್ಜಿಗಿ ಕುಡಿದು ಹೋದ್ರಂತಲ್ರಿ, ನನ್ನ ಎಬ್ಬಿಸಬಾರದಾಗಿತ್ತೇನು?"

"ಕ್ಹೂಂ! ನಾನ್ಯಾವಾಗ ಬಂದಿದ್ದೆ?"

"ಅತ್ತಿಯೋರು ಹೇಳಿದ್ರು."

"ಅವ್ವಗೆ ವಯಸ್ಸಾತು ಬಿಡು."

ಯುಗಾದಿಯ ಹಿಂದಿನ ದಿನ, ಅಮಾವಾಸ್ಯೆ ಬೆಳಗ್ಗೆ, ನಾನು ಬಾಯಿ ತುಂಬ ಹಲ್ಲುಪುಡಿ ಇಟ್ಟುಕೊಂಡು ಬಾವಿಯ ಕಡೆ ಹೊರಟಿದ್ದೆ. ಪಡಸಾಲೆಯಲ್ಲಿ ಅಜ್ಜಿ ಎದುರಾದರು. ಮಾತಾಡುವ ಹಾಗಿರಲಿಲ್ಲ, ಮೊಳದಷ್ಟು ದೂರದಲ್ಲಿ ನಿಂತು ನಕ್ಕೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತ, "ಯಾರದು? ಯಾರಪ್ಪ ನಿಂತಿರೋದು?" ಅಂದರು. ಕೈ ಗಾಳಿಯಲ್ಲಿ ಕಂಬ ಹುಡುಕುತ್ತಿತ್ತು.

ಹಲ್ಲುಪುಡಿ ನುಂಗಿಬಿಟ್ಟೆ. ನನ್ನ ಕಲೆ ಇಳಿದುಹೋದದ್ದು ಹೀಗೆ, ಇದ್ದಿಲ ರುಚಿಯ ಜೊತೆ. ತಾಯಿ ಮುಖ ನೋಡಿ ಮೋಸ ಹೋಗಿರಲಿಲ್ಲ. ನೋಡಲು ಅಲ್ಲಿ ಅವರಿಗೆ ಮುಖವೇ ಇರಲಿಲ್ಲ. ಐವತ್ತು ವರ್ಷ ಓಡಾಡಿದ ಮನೆಯಾದ್ದರಿಂದ ಕಾಲು ದಾರಿ ತಿಳಿದು ನಡೆಯುತ್ತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ.

"ಅಜ್ಜೀ, ನಾನು ವಾಸು" ಅಂದೆ, ಎಷ್ಟೋ ದಿನದ ಮೇಲೆ ನನ್ನ ಸ್ವಂತ ದನಿಯಲ್ಲಿ. "ಕಣ್ಣು ಕಾಣ್ತಿಲ್ವಾ?"

ಅಜ್ಜಿ ಕೈ ಹಿಡಿದು ಖೋಲಿಯ ಬಾಗಿಲವರೆಗೆ ಎಳೆದುಕೊಂಡು ಬಂದರು. "ಸಣ್ಣಗೆ ಮಾತಾಡು. ಪೊರೆ ಬಂದೈತೆ. ಬೆಳಕು ಕತ್ತಲು ತಿಳೀತೈತೆ, ಅಷ್ಟೇ. ಮನಿಯೋರಿಗೆ ಹೇಳಬ್ಯಾಡ. ಹೇಳಿದ್ರೆ ನಾಡಿದ್ದು ನನ್ನ ಮಾಳಿಗಿ ಹತ್ತಿಸಲ್ಲ."

ನಾಡಿದ್ದು ಏನು ಎಂದು ನನಗೆ ಗೊತ್ತಿರಲಿಲ್ಲ. ನಮಗೆ ಯುಗಾದಿ ಎಂದರೆ ಸೂರ್ಯನ ಲೆಕ್ಕ. ಬಿಸುವಿನ ದಿನ ಬೆಳಗ್ಗೆ ಕಣ್ಣು ಮುಚ್ಚಿಕೊಂಡು ದೇವರ ಕೋಣೆಗೆ ಹೋಗಿ, ಕನ್ನಡಿ, ತೆಂಗಿನಕಾಯಿ, ಸೌತೆಕಾಯಿ ಇಟ್ಟ ಕಣಿಯ ಮುಂದೆ ಕಣ್ಣು ತೆರೆದರೆ ವರ್ಷ ಶುರು. ಇಲ್ಲಿ ಚಂದ್ರನ ಲೆಕ್ಕ. ಅಮಾವಾಸ್ಯೆ ಕಳೆದು ಪಾಡ್ಯದ ದಿನ ಎಣ್ಣೆ ಸ್ನಾನ, ಹುರಿಗಡಲೆ ಪುಡಿಯಲ್ಲಿ ಕಲಸಿದ ಬೇವು ಬೆಲ್ಲ, ಶ್ಯಾವಿಗೆ, ಎಲ್ಲ ಆಗುತ್ತದೆ. ಆದರೆ ಹೊಸ ಚಂದ್ರನನ್ನು ಕಣ್ಣಾರೆ ಕಾಣುವವರೆಗೆ ಹಬ್ಬ ಮುಗಿದ ಹಾಗಲ್ಲ. ಪಾಡ್ಯದ ಸಂಜೆ ಅವನು ಸಿಗುವುದು ಅಪರೂಪ, ಬಿದಿಗೆಯ ಸಂಜೆ ಸಿಗುತ್ತಾನೆ. ಕಂಡ ಕೂಡಲೇ ಅವನಿಗೆ ಕೈ ಮುಗಿದು, ಚಿಕ್ಕವರು ಹಿರಿಯರ ಕಾಲು ಮುಟ್ಟಬೇಕು. ನಮ್ಮಲ್ಲಿ ವರ್ಷ ಮನೆಯೊಳಗೆ ಕಾದು ಕುಳಿತಿರುತ್ತದೆ. ಇಲ್ಲಿ ಜನ ಮಾಳಿಗೆ ಹತ್ತಿ ವರ್ಷಕ್ಕೆ ಕಾಯುತ್ತಾರೆ. ಖಾಸಿಂ ಸಾಹೇಬರನ್ನು ಕೇಳಿದ್ದಕ್ಕೆ, "ಚಾಂದ್ ಒಂದೇ, ಮಾಳಿಗಿ ಬ್ಯಾರೆ ಬ್ಯಾರೆ. ನಾವು ನೋಡಿ ರೋಜಾ ಹಿಡೀತೀವಿ, ಅವರು ನೋಡಿ ಕಾಲು ಹಿಡೀತಾರೆ" ಅಂದರು.

ಈ ಓಣಿಯಲ್ಲಿ ಇನ್ನೊಂದು ಕಟ್ಟಳೆ. ಯಾರ ಕಣ್ಣಿಗೆ ಮೊದಲು ಬಿದ್ದರೂ ಬಾಯಿ ಬಿಡುವ ಹಾಗಿಲ್ಲ. ಓಣಿಗೆಲ್ಲ ಹಿರಿಯರಾದ ಗೌರಮ್ಮಜ್ಜಿ 'ಕಂಡೆ' ಎಂದು ಕೂಗಬೇಕು, ಆಮೇಲೆ ಉಳಿದವರು ಕೈ ಮುಗಿಯಬೇಕು. ಚಂದ್ರನ ಯಾವ ಕೋಡು ಎತ್ತರ ಎಂದು ಹೇಳುವವರೂ ಅವರೇ. ಬಡಗಣ ಕೋಡು ಎದ್ದರೆ ಧಾರಣೆ ಇಳಿಯುತ್ತದೆ, ತೆಂಕಣ ಕೋಡು ಎದ್ದರೆ ಏರುತ್ತದೆ ಎಂದು ಒಬ್ಬರು ಹೇಳಿದರೆ ಇನ್ನೊಬ್ಬರು ಅದರ ಉಲ್ಟಾ ಹೇಳುತ್ತಿದ್ದರು. ಆದರೆ ಅಜ್ಜಿ ಕಂಡದ್ದೇ ಕೋಡು, ಅದರಲ್ಲಿ ತಕರಾರಿರಲಿಲ್ಲ.

"ಇಪ್ಪತ್ತು ವರ್ಷದಿಂದ ನಾನೇ ಕೂಗೀನಿ" ಎಂದರು ಅಜ್ಜಿ. "ಇದೊಂದು ಹೋದ್ರೆ, ಮೂಲ್ಯಾಗ ಕೂತು ಬೀಜ ಬಿಡಿಸೋ ಮುದುಕಿ ಅಷ್ಟೇ ಆಗ್ತೀನಿ ನೋಡು. ನೀನು ನನ್ನ ಮಗ್ಗಲಿಗೆ ನಿಂತು ಕಿವ್ಯಾಗ ಹೇಳು. ನಾನು ಕೂಗ್ತೀನಿ."

ಒಪ್ಪಿಕೊಂಡೆ. ಬೇಡ ಎನ್ನಲು ಹೊಟ್ಟೆಯಲ್ಲಿದ್ದ ಮೂರು ತಿಂಗಳ ಮಜ್ಜಿಗೆ ಬಿಡಲಿಲ್ಲ. ಅಷ್ಟು ಎಳೆಯ ಚಂದ್ರನನ್ನು ಹುಟ್ಟಿದಾಗಿನಿಂದ ನಾನು ಹುಡುಕಿ ನೋಡಿದವನೇ ಅಲ್ಲ ಎಂಬ ಮಾತನ್ನು ಮಾತ್ರ ಹೇಳಲಿಲ್ಲ. ಚಂದ್ರ ತಾನೆ, ಏನು ಮಹಾ?

ಬಿದಿಗೆಯ ಸಂಜೆ ಇಡೀ ಹಳೇಪೇಟೆ ಮೇಲೆ ಬಂದಿತ್ತು. ಹೊಸ ಸೀರೆ, ಹೊಸ ಅಂಗಿ, ಕಂಕುಳಲ್ಲಿ ಮಕ್ಕಳು. ಎಲ್ಲರ ಮುಖವೂ ಪಡುವಣಕ್ಕೆ. ಪಡುವಣ ಎಂದರೆ ನನಗೆ ಸಮುದ್ರ. ಅಲ್ಲಿ ಸೂರ್ಯ ನೀರಿಗೆ ಇಳಿಯುತ್ತಾನೆ, ಇಲ್ಲಿ ಗಿರಣಿಯ ಚಿಮಣಿಯ ಹಿಂದೆ ಇಳಿದ. ಅಜ್ಜಿ ಏಣಿಯ ಮೆಟ್ಟಿಲನ್ನು ಎಣಿಸಿಕೊಂಡೇ ಹತ್ತಿ ಬಂದು, ನನ್ನ ಮಣಿಕಟ್ಟು ಹಿಡಿದು ನಿಂತರು. ಬಲಕ್ಕೆ ಗುರುಸಿದ್ದಪ್ಪ, ನೀಲಮ್ಮ. ಮೊಣಕಾಲೆತ್ತರದ ಗೋಡೆಯಾಚೆ, ಪಕ್ಕದ ಮಾಳಿಗೆಯಲ್ಲಿ ಹಾಲಪ್ಪಜ್ಜ. ಆಕಾಶ ಕೆಂಪಾಯಿತು, ಬೂದಿಯಾಯಿತು. ಇಷ್ಟು ಜನ ಇಷ್ಟು ಸುಮ್ಮನಿರುವುದನ್ನು ನಾನು ಪರೀಕ್ಷೆಯ ಹಾಲಿನಲ್ಲಿ ಮಾತ್ರ ಕಂಡಿದ್ದೆ.

ಆಗ ಕಂಡಿತು. ಚಿಮಣಿಗೆ ಸ್ವಲ್ಪ ಈಚೆ, ತೆಳ್ಳಗೆ, ಬೆಳ್ಳಗೆ, ಉಗುರು ಕತ್ತರಿಸಿ ಎಸೆದ ಹಾಗೆ ಬಾಗಿದ ಗೆರೆ. ಅಜ್ಜಿಯ ಕಿವಿಗೆ ಬಾಗಿ, "ಚಿಮಣಿ ಬಲಕ್ಕೆ. ಎಡಗೋಡು ಮೇಲೆ" ಅಂದೆ.

ಅಜ್ಜಿಯ ಬೆನ್ನು ನೆಟ್ಟಗಾಯಿತು. "ಕಂಡೇ! ಕಂಡಾನ ನೋಡ್ರಪ್ಪೋ! ತೆಂಕಣ ಕೋಡು ಎದ್ದೈತೆ!"

ಓಣಿಗೆ ಓಣಿಯೇ ಕೈ ಮುಗಿಯಿತು. ತೆಂಕಣ ಕೋಡು ಎಂದು ವ್ಯಾಪಾರಿಗಳ ಮಾಳಿಗೆಯಲ್ಲಿ ಗುಜುಗುಜು. ಮಕ್ಕಳು ಕಾಲು ಹುಡುಕತೊಡಗಿದರು. ಅಷ್ಟರಲ್ಲಿ ಸಣ್ಣಗೆ ಗಾಳಿ ಬೀಸಿತು. ಚಂದ್ರ ತಿರುಗಿದ.

ಹೌದು, ತಿರುಗಿದ. ಎಡಗೋಡು ಇಳಿಯಿತು, ಬಲಗೋಡು ಎದ್ದಿತು. ಇನ್ನೊಮ್ಮೆ ಗಾಳಿ ಬಂತು, ಚಂದ್ರ ತಲೆಕೆಳಗಾಗಿ ನೇತುಬಿದ್ದ.

"ಅಂದ್ರೆ, ಏನಪಾ ಅಂದ್ರೆ" ಎಂದರು ಹಾಲಪ್ಪಜ್ಜ, ಹಣೆಗೆ ಕೈ ಅಡ್ಡ ಹಿಡಿದು, "ಗೌರಕ್ಕ, ಅದು ಲೈಟಿನ ತಂತಿ ಮ್ಯಾಲೈತಲ್ಲ? ಚಂದ್ರ ಅಲ್ಲ ಅದು, ಮಿಲ್ಲಿನ ಅರಳೆ!"

ತಂತಿಗೆ ಸಿಕ್ಕಿಕೊಂಡ ಹತ್ತಿಯ ಎಳೆ. ದಿನವೂ ಅಂಗಿಯಿಂದ ಕೊಡವಿಕೊಳ್ಳುವ ನಮ್ಮ ಗಿರಣಿಯ ಎಳೆ. ಮುಳುಗಿದ ಸೂರ್ಯನ ಕೊನೆಯ ಬೆಳಕು ಅದರ ಮೇಲೆ ಬಿದ್ದಿತ್ತು. ಯಾರೋ ಕಿಸಕ್ಕೆಂದರು. "ಅಜ್ಜಿಗೆ ಏನಾತು?" ಎಂದರು ಯಾರೋ. ನನ್ನ ಮಣಿಕಟ್ಟಿನ ಮೇಲೆ ಅಜ್ಜಿಯ ಬೆರಳು ತಣ್ಣಗಾದವು.

ಇಲ್ಲಿ ಬುದ್ಧಿಯಿದ್ದವನಾದರೆ, ತಪ್ಪು ನನ್ನದು ಎಂದು ಹೇಳುತ್ತಿದ್ದ. ನನ್ನ ಬುದ್ಧಿ ಇರುವುದು ಗಂಟಲಲ್ಲಿ. ಮುಖ ಕೆಳಗೆ ಮಾಡಿ, ಮೂಗಿನಿಂದ, ಹಾಲಪ್ಪಜ್ಜನ ದನಿಯಲ್ಲಿ ಕೂಗಿಬಿಟ್ಟೆ: "ಅಂದ್ರೆ, ಏನಪಾ ಅಂದ್ರೆ, ಹೌದೌದು! ಅದರ ಹಿಂದೇ ಐತೆ, ನಾನೂ ಕಂಡೆ!"

ಎಲ್ಲರೂ ಹಾಲಪ್ಪಜ್ಜನ ಕಡೆ ನೋಡಿದರು. ಹಾಲಪ್ಪಜ್ಜ ಬಾಯಿ ಮುಚ್ಚಿಕೊಂಡೇ ನಿಂತಿದ್ದರು. ತಮ್ಮ ಬಾಯಿಯನ್ನು ತಾವೇ ಮುಟ್ಟಿ ನೋಡಿಕೊಂಡರು.

"ನಾನೆಲ್ಲಿ ಅಂದೆ?"

ನೀಲಮ್ಮನಿಗೆ ಮೊದಲು ಹೊಳೆಯಿತು. ಅವರು ನನ್ನನ್ನು ನೋಡಿದರು, ಗಂಡನನ್ನು ನೋಡಿದರು. "ಅಯ್ಯ ಶಿವನೇ! ಮಜ್ಜಿಗಿ!" ಅಂದರು.

ಆಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ನನ್ನ ದನಿಯಲ್ಲೇ ಎಲ್ಲ ಹೇಳಿದೆ: ಅರಳೆಯನ್ನು ಚಂದ್ರ ಅಂದವನು ನಾನು, ಅಜ್ಜಿಯಲ್ಲ, ಹಾಲಪ್ಪಜ್ಜ ಬಾಯಿ ಬಿಟ್ಟಿಲ್ಲ, ಅದೂ ನಾನೇ, ಮೂರು ತಿಂಗಳ ಮಜ್ಜಿಗೆಯೂ ನನ್ನದೇ. ಅಜ್ಜಿಯ ಕಣ್ಣಿನ ಮಾತನ್ನು ಮಾತ್ರ ನಾನು ಹೇಳಲಿಲ್ಲ. ಹೇಳಬೇಕಾಗಲೂ ಇಲ್ಲ. ಗುರುಸಿದ್ದಪ್ಪನವರು ತಾಯಿಯ ಮುಖದ ಮುಂದೆ ಕೈ ಆಡಿಸಿದರು. ರೆಪ್ಪೆ ಅಲುಗಲಿಲ್ಲ.

"ಅವ್ವಾ" ಅಂದರು. ಕೆಮ್ಮು ಇರಲಿಲ್ಲ. ಆ ದನಿ ನನಗೆ ಇವತ್ತಿಗೂ ನಕಲು ಮಾಡಲು ಬಂದಿಲ್ಲ.

ಅಜ್ಜಿ ನನ್ನ ಮಣಿಕಟ್ಟು ಬಿಟ್ಟುಬಿಡುತ್ತಾರೆ ಎಂದುಕೊಂಡೆ. ಬಿಡಲಿಲ್ಲ. ಆಗ ಹಾಲಪ್ಪಜ್ಜ ನಡುಗೋಡೆ ದಾಟಿ ಈಚೆ ಬಂದು ಅಜ್ಜಿಯ ಇನ್ನೊಂದು ಮಗ್ಗುಲಿಗೆ ನಿಂತರು. ಪಡುವಣದಲ್ಲಿ, ತಂತಿಗಿಂತ ಎಷ್ಟೋ ಮೇಲೆ, ಚಿಮಣಿಗೆ ಎಡಕ್ಕೆ, ನಿಜವಾದವನು ಬಂದಿದ್ದ. ಎಷ್ಟು ಸಣ್ಣವನೆಂದರೆ ಅವನನ್ನು ನೋಡಿದ ಮೇಲೆ ಅರಳೆ ದಪ್ಪವಾಗಿ ಕಂಡಿತು. ಎಲ್ಲರೂ ಕಂಡರು. ಯಾರೂ ಬಾಯಿ ಬಿಡಲಿಲ್ಲ.

"ಗೌರಕ್ಕ" ಎಂದರು ಹಾಲಪ್ಪಜ್ಜ, ಪೀಠಿಕೆಯಿಲ್ಲದೆ, "ಚಿಮಣಿ ಎಡಕ್ಕೆ, ಎರಡು ಮೊಳ ಮ್ಯಾಲೆ. ಬಡಗಣ ಕೋಡು ಎದ್ದೈತೆ. ಕೂಗಕ್ಕ, ಜನ ಕಾಯಾಕ ಹತ್ಯಾರ."

ಅಜ್ಜಿ ಮುಖವನ್ನು ಸರಿಯಾಗಿ ಅಲ್ಲಿಗೇ ಎತ್ತಿದರು. "ಕಂಡೆ" ಅಂದರು. ಈ ಸಲ ಕೂಗಲಿಲ್ಲ, ಹೇಳಿದರು, ಅಷ್ಟೇ. ಆದರೂ ಓಣಿಯ ಆ ತುದಿಗೂ ಕೇಳಿತು.

ಈ ಸುದ್ದಿ ಕೇಳಿ ನೀವೆಲ್ಲ ನಕ್ಕ ಹಾಗೆ ನಾನೂ ನಕ್ಕಿದ್ದೇನೆ. ಆದರೆ ಅದಾದ ಎರಡು ವಾರಕ್ಕೆ ನಮ್ಮ ಬಿಸು ಬಂತು, ರಜೆ ಹಾಕಿ ಮನೆಗೆ ಬಂದೆ. ಬೆಳಗ್ಗೆ ಕಣ್ಣು ಮುಚ್ಚಿಕೊಂಡು ಕಣಿಯ ಮುಂದೆ ಹೋದವನು, ಅಮ್ಮ ಸಾಕು ಎನ್ನುವವರೆಗೆ ಕಣ್ಣು ತೆರೆಯಲೇ ಇಲ್ಲ. ಹೀಗೇ ಇರುತ್ತದೆಯೇ ಗೌರಮ್ಮಜ್ಜಿಗೆ ಎಂದು ನೋಡುತ್ತಿದ್ದೆ. ಸಂಜೆ ಅಂಗಳದಲ್ಲಿ ನಿಂತು ಮೇಲೆ ನೋಡಿದರೆ ತೆಂಗಿನ ಗರಿಗಳ ನಡುವೆ ಆಕಾಶ ಚೂರುಚೂರು. ಹತ್ತಿ ನಿಲ್ಲಲು ಮಾಳಿಗೆ ಇಲ್ಲ. "ಎಂತ ಕಾಂಬುದು ಮಾಣಿ, ಅಲ್ಲಿ?" ಎಂದು ಅಮ್ಮ ಕೇಳಿದಳು. "ಏನಿಲ್ಲ ಬಿಡವ್ವ" ಎಂದುಬಿಟ್ಟೆ. ಅವ್ವ ಅಂದದ್ದಕ್ಕೆ ಅಮ್ಮ ನನ್ನನ್ನು ಬಹಳ ಹೊತ್ತು ನೋಡಿದಳು. ನೀವು ನನ್ನನ್ನು ಘಟ್ಟದ ಮೇಲಿನವ ಆದ ಎನ್ನುತ್ತೀರಿ. ಇಲ್ಲಿ ನಾನು ಇವತ್ತಿಗೂ ಘಟ್ಟದ ಕೆಳಗಿನವನೇ. ಒಂದೇ ತಿಂಗಳಲ್ಲಿ ಎರಡು ಹೊಸ ವರ್ಷ ಬರುವವನಿಗೆ ವಯಸ್ಸು ಬೇಗ ಆಗುತ್ತದೋ, ಎರಡರ ನಡುವೆ ನಿಂತೇ ಹೋಗುತ್ತದೋ ತಿಳಿಯದು. ದನಿ ಎಷ್ಟು ಬೇಕಾದರೂ ಬದಲಿಸಬಹುದು. ಅದನ್ನು ಇಳಿಸಿ ಇಡುವುದಕ್ಕೆ ಒಂದು ಮನೆ ಬೇಕು. ನನಗೆ ಎರಡಿವೆ, ಎರಡೂ ಅರ್ಧರ್ಧ.

ಖೋಲಿ ಏನಾಯಿತು ಎಂದು ಹೇಳದೆ ಕಥೆಯನ್ನು ಊರಿಗೆ ತಂದುಬಿಟ್ಟೆ. ಮತ್ತೆ ಆ ಮಾಳಿಗೆಗೆ ಹೋಗೋಣ.

ಎಲ್ಲರೂ ಅಜ್ಜಿಯ ಕಾಲು ಮುಟ್ಟಿ ಮುಗಿದಿತ್ತು. ಪಕ್ಕದ ಮಾಳಿಗೆಗಳವರು ಹೋದ ಹಾಗೆ ಮಾಡಿ, ಹೋಗದೆ ನಿಂತಿದ್ದರು. ಗುರುಸಿದ್ದಪ್ಪನವರ ಕೆಮ್ಮು ವಾಪಸು ಬಂದಿತ್ತು.

"ಕ್ಹೂಂ! ವಾಸಪ್ಪ, ಇವತ್ತು ಹಬ್ಬ, ಏನೂ ಅನ್ನಲ್ಲ. ನಾಳೆ ಖೋಲಿ ಖಾಲಿ ಮಾಡು. ನನ್ನ ಅವ್ವಗೆ ನನ್ನ ದನಿ ತೆಗೆದು ಮೋಸ ಮಾಡೀಯಲ್ಲ, ನಿನ್ನನ್ನ ಮನಿಯಾಗ ಇಟ್ಕೊಂಡಿದ್ದೇ ತಪ್ಪಾತು. ಅವ್ವಾ, ನೀನೂ ಅಷ್ಟೇ. ಇನ್ನು ಮ್ಯಾಲೆ ಈ ಏಣಿ ಹತ್ತೋದು ಬ್ಯಾಡ. ದಿನಾ ಬಂದು ಎದುರಿಗೆ ನಿಂತೋನು ಮಗನೋ ಅಲ್ಲೋ, ಅದೂ ತಿಳೀಲಿಲ್ಲ ನಿನಗೆ!"

ಅಜ್ಜಿ ನನ್ನ ಮಣಿಕಟ್ಟು ಬಿಡದೆಯೇ ಏಣಿಯ ಕಡೆ ಕಾಲು ಹಾಕಿದರು. ಮೊದಲ ಮೆಟ್ಟಿಲನ್ನು ಪಾದದಿಂದ ಹುಡುಕಿಕೊಂಡು, ಮಗನ ಕಡೆ ತಿರುಗದೆ ಅಂದರು:

"ಮೊದಲನೇ ದಿನಾನೇ ತಿಳೀತಪ್ಪ. ಬರೋ ವರ್ಷನೂ ಇವನ ಕೈ ಹಿಡಕೊಂಡೇ ಹತ್ತೋಳು ನಾನು. 'ನಿಂದು ಉಂಡಿದ್ದಾತೇನವ್ವ' ಅಂತ ನೀನು ಎಂದಾರ ಕೇಳೀಯೇನೋ, ಮೋಸ ಹೋಗಾಕೆ?"